ಬಾಣಬಿರುಸುಗಳ ಛಾಯಾಗ್ರಹಣ

ಹಬ್ಬದ ಇರುಳಿನಲ್ಲಿ ಆಕಾಶದಲ್ಲಿ ಅರಳುವ ಬಾಣಬಿರುಸುಗಳನ್ನು ಕಂಡು ಸಂತೋಷಪಡದವರು ವಿರಳ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಮೂಡಿ ಮರೆಯಾಗುವ ಆ ಬೆಳಕಿನ ಹೂವುಗಳನ್ನು ಚಿತ್ರದಲ್ಲಿ ಹಿಡಿದಿಟ್ಟುಕೊಳ್ಳಬೇಕೆಂಬ ಆಸೆಯೂ ಸಹಜವಾದುದೇ. ಈಗಲಂತೂ ಛಾಯಾಚಿತ್ರದ ಯಂತ್ರವು ಮೊಬೈಲು ಫೋನಿನ ರೂಪದಲ್ಲಿ ಬಹುಮಟ್ಟಿಗೆ ಪ್ರತಿಯೊಬ್ಬರ ಕೈಯಲ್ಲಿಯೂ ಇರುವುದರಿಂದ, ಒಂದು ಬಾಣ ಮೇಲೇರಿದೊಡನೆ ಸಾವಿರ ಕೈಗಳು ಮೇಲೇಳುತ್ತವೆ. ಆದರೆ ಮರುದಿನ ಆ ಚಿತ್ರಗಳನ್ನು ತೆರೆದು ನೋಡಿದಾಗ, ಕೆಂಪು ಹಸುರು ಬಣ್ಣಗಳಿದ್ದ ಕಡೆ ಬಿಳಿಯ ಕಲೆಗಳೂ, ಗೆರೆಗಳಿದ್ದ ಕಡೆ ನಡುಗಿದ ಗೀಟುಗಳೂ, ಕಪ್ಪಾಗಿರಬೇಕಾದ ಆಕಾಶದಲ್ಲಿ ಬೂದುಬಣ್ಣದ ಹೊಗೆಯೂ ಕಾಣುವುದುಂಟು. ಯಂತ್ರವು ಅಗ್ಗದ್ದೆಂಬುದಾಗಲಿ, ತೆಗೆದವರಿಗೆ ಕೈಚಳಕವಿಲ್ಲವೆಂಬುದಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಹಗಲಿನ ಚಿತ್ರಗಳಿಗೆ ಸಲ್ಲುವ ನಿಯಮವನ್ನೇ ಈ ಚಿತ್ರಗಳಿಗೂ ಹಚ್ಚುವುದರಿಂದ ಹೀಗಾಗುತ್ತದೆ. ಚಲಿಸುವ ಬೆಳಕಿಗೆ ಬೇರೆಯೇ ಒಂದು ನಿಯಮವಿದೆ. ಅದು ಬಹಳ ಸುಲಭವಾದುದು. ಒಮ್ಮೆ ತಿಳಿದರೆ ಮರೆಯುವಂತಹುದಲ್ಲ. ಆ ನಿಯಮವನ್ನೂ, ಅದನ್ನು ಅನುಸರಿಸಿ ಚಿತ್ರ ತೆಗೆಯುವ ಕ್ರಮವನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ಇಲ್ಲಿ ತಿಳಿಸಲು ಪ್ರಯತ್ನಿಸಲಾಗಿದೆ.

ಬಾಣಬಿರುಸು ನಮ್ಮ ನಾಡಿಗೆ ಹೊಸದಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಮಹಾನವಮಿಯ ಉತ್ಸವವನ್ನು ವರ್ಣಿಸುವಾಗ ಬಾಣಬಿರುಸುಗಳನ್ನೂ ಹೇಳಿದ್ದಾನೆ. ಮೈಸೂರಿನಲ್ಲಿ ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನೊಂದಿಗೆ ಅನೇಕ ವರುಷಗಳಲ್ಲಿ ಬಾಣಬಿರುಸೂ ಸೇರಿತ್ತು. ಈಚಿನ ವರುಷಗಳಲ್ಲಿ ಡಿಸೆಂಬರ್ ೩೧ರ ನಡುರಾತ್ರಿ ಅರಮನೆಯ ಆವರಣದಲ್ಲಿ ಹೊಸ ವರುಷವನ್ನು ಬಾಣಬಿರುಸಿನಿಂದ ಎದುರುಗೊಂಡದ್ದೂ ಉಂಟು. ಆದರೆ ಹಿಂದಿನಂತೆ ಇರುಳೆಲ್ಲ ಸುಡುವ ಕಾಲ ಈಗಿಲ್ಲ. ೨೦೧೮ರ ಅಕ್ಟೋಬರ್ ೨೩ರಂದು ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆಯಲ್ಲಿ ದೀಪಾವಳಿಗೆ ರಾತ್ರಿ ೮ರಿಂದ ೧೦ ಗಂಟೆಯ ವರೆಗೆ, ಕ್ರಿಸ್ಮಸ್ ಹಾಗೂ ಹೊಸ ವರುಷದ ಮುನ್ನಾರಾತ್ರಿಗಳಲ್ಲಿ ೧೧ ಗಂಟೆ ೫೫ ನಿಮಿಷದಿಂದ ೧೨ ಗಂಟೆ ೩೦ ನಿಮಿಷದ ವರೆಗೆ ಮಾತ್ರ ಪಟಾಕಿಗಳನ್ನು ಸುಡಬಹುದೆಂದು ವಿಧಿಸಲಾಯಿತು. ಮೂವತ್ತೈದು ನಿಮಿಷವೆಂದರೆ ದೀರ್ಘಕಾಲವೇನೂ ಅಲ್ಲ. ದೊಡ್ಡ ಪ್ರದರ್ಶನಗಳು ಅದಕ್ಕಿಂತಲೂ ಬೇಗ ಮುಗಿಯುವುದುಂಟು. ಆದುದರಿಂದ ಈ ವಿಧದ ಛಾಯಾಗ್ರಹಣದಲ್ಲಿ ಮುಕ್ಕಾಲು ಪಾಲು ಕೆಲಸವು ಮೊದಲ ಬಾಣ ಏರುವುದಕ್ಕೆ ಮುಂಚೆಯೇ ಮುಗಿದಿರಬೇಕು.

ಚಿತ್ರ ತೆಗೆಯುವವಳು ತಾನು ತೆಗೆಯುವ ವಸ್ತುವಿನ ಸ್ವರೂಪವನ್ನು ಮೊದಲು ಅರಿತಿರಬೇಕು. ಆಕಾಶದಲ್ಲಿ ಅರಳುವ ದೊಡ್ಡ ಬಿರುಸೆಂದರೆ ಕಾಗದದ ಒಂದು ಗುಂಡು. ನೆಲದಲ್ಲಿ ಭದ್ರವಾಗಿ ನಿಲ್ಲಿಸಿದ ಕೊಳವೆಯೊಳಗೆ ಅದನ್ನು ಇಳಿಬಿಟ್ಟು, ಅಡಿಯಲ್ಲಿರುವ ಮದ್ದಿಗೆ ಬೆಂಕಿ ಕೊಡುತ್ತಾರೆ. ಆ ಮದ್ದಿನ ಬಲದಿಂದ ಗುಂಡು ಮೇಲಕ್ಕೆ ಚಿಮ್ಮುವುದು. ಅದರೊಳಗಿನ ಬತ್ತಿ ಕೆಲವು ಸೆಕೆಂಡು ಉರಿದು, ಗುಂಡು ಏರಿಕೆಯ ತುದಿಯನ್ನು ಮುಟ್ಟುವ ಹೊತ್ತಿಗೆ ನಡುವಿನ ಸಿಡಿಮದ್ದನ್ನು ಹೊತ್ತಿಸುವುದು. ಆಗ ಗುಂಡು ಒಡೆದು, ಅದರಲ್ಲಿ ಅಡಕವಾಗಿದ್ದ ಸಣ್ಣ ಸಣ್ಣ ಉಂಡೆಗಳು ಉರಿಯುತ್ತ ಎಲ್ಲ ದಿಕ್ಕುಗಳಿಗೂ ಹಾರುತ್ತವೆ. ಮದ್ದು ಮಾಡುವವರು ಈ ಉಂಡೆಗಳನ್ನು ನಕ್ಷತ್ರಗಳೆಂದು ಕರೆಯುತ್ತಾರೆ. ನಾವು ಹೂವೆಂದು ನೋಡುವುದು ಈ ನಕ್ಷತ್ರಗಳ ಓಟವನ್ನೇ.

ನಕ್ಷತ್ರದ ಬಣ್ಣವು ಅದರಲ್ಲಿ ಬೆರಸಿದ ಲೋಹದ ಲವಣವನ್ನು ಅವಲಂಬಿಸಿರುತ್ತದೆ. ಸ್ಟ್ರಾಂಶಿಯಮಿನಿಂದ ಕೆಂಪು, ಬೇರಿಯಮಿನಿಂದ ಹಸುರು, ತಾಮ್ರದಿಂದ ನೀಲಿ, ಸೋಡಿಯಮಿನಿಂದ ಹಳದಿ ಉಂಟಾಗುತ್ತವೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಮೊದಲಾದ ಲೋಹಗಳ ಪುಡಿಯಿಂದ ಕಣ್ಣು ಕೋರೈಸುವ ಬೆಳ್ಳಿಯ ಬಿಳುಪು, ಇದ್ದಿಲು ಮತ್ತು ಕಬ್ಬಿಣದ ಪುಡಿಯಿಂದ ಹೊಂಬಣ್ಣ ಬರುವುದು. ಮೇಲೆ ಹೇಳಿದ ೨೦೧೮ರ ಆಜ್ಞೆಯಲ್ಲಿ ಬೇರಿಯಂ ಲವಣಗಳನ್ನು ಪಟಾಕಿಗಳಲ್ಲಿ ಬಳಸಕೂಡದೆಂದೂ ಇತ್ತು. ಛಾಯಾಗ್ರಾಹಕಳಿಗೆ ಇದರಿಂದ ತಿಳಿಯತಕ್ಕದ್ದು ಇಷ್ಟು: ಎಲ್ಲ ಬಿರುಸುಗಳೂ ಒಂದೇ ಸಮನಾಗಿ ಪ್ರಕಾಶಿಸುವುದಿಲ್ಲ. ಬೆಳ್ಳಿಯ ಬಿರುಸು ಅತ್ಯಂತ ಪ್ರಖರವಾದುದು. ಕೆಂಪು, ಹಸುರುಗಳು ಮಧ್ಯಮ. ನೀಲಿ, ಮತ್ತು ಇದ್ದಿಲಿನ ಹೊಂಬಣ್ಣದ ಜೋಲು ಕೊಂಬೆಗಳಂತಹ ಬಿರುಸು ಮಂದವಾದುವು.

ಇನ್ನು ಮುಖ್ಯವಾದ ನಿಯಮಕ್ಕೆ ಬರೋಣ. ಕ್ಯಾಮರಾದೊಳಕ್ಕೆ ಬರುವ ಬೆಳಕನ್ನು ಅಳೆಯುವ ಸಾಧನಗಳು ಮೂರು. ಮೊದಲನೆಯದು ಲೆನ್ಸಿನೊಳಗಿನ ಕಂಡಿ. ಇದನ್ನು ಹಿರಿದು ಕಿರಿದು ಮಾಡಬಹುದು. ಇದರ ಅಳತೆಯನ್ನು ಎಫ್ ೫.೬, ಎಫ್ ೮, ಎಫ್ ೧೧, ಎಫ್ ೧೬ ಎಂದು ಗುರುತಿಸುತ್ತಾರೆ. ಅಂಕೆ ದೊಡ್ಡದಾದಷ್ಟೂ ಕಂಡಿ ಕಿರಿದು. ಈ ಸಾಲಿನಲ್ಲಿ ಒಂದೊಂದು ಹೆಜ್ಜೆಗೂ ಬೆಳಕು ಅರ್ಧವಾಗುತ್ತ ಹೋಗುವುದು. ಎರಡನೆಯದು ಶಟರು, ಅದು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಾವು ಗೊತ್ತುಮಾಡಬಹುದು. ಮೂರನೆಯದು ಬೆಳಕನ್ನು ಸ್ವೀಕರಿಸುವ ಫಲಕದ ಗ್ರಹಣಶಕ್ತಿ, ಇದನ್ನು ಐ.ಎಸ್.ಒ. ೧೦೦, ೨೦೦, ೪೦೦ ಎಂಬ ಅಂಕೆಗಳಿಂದ ಸೂಚಿಸುತ್ತಾರೆ. ಹಗಲಿನಲ್ಲಿ ಒಂದು ಮನೆಯ ಚಿತ್ರವನ್ನು ತೆಗೆಯುವಾಗ ಈ ಮೂರರಲ್ಲಿ ಯಾವುದನ್ನು ಹೆಚ್ಚಿಸಿದರೂ ಚಿತ್ರ ಬೆಳ್ಳಗಾಗುತ್ತದೆ, ಯಾವುದನ್ನು ತಗ್ಗಿಸಿದರೂ ಕಪ್ಪಾಗುತ್ತದೆ. ಬಾಣಬಿರುಸಿನಲ್ಲಿ ಹಾಗಲ್ಲ.

ಅಂಗಳದಲ್ಲಿ ರಂಗವಲ್ಲಿ ಇಡುವ ಹೆಣ್ಣುಮಗಳನ್ನು ನೆನೆಯಿರಿ. ಅವಳ ಬೆರಳಿನ ಸಂದಿನಿಂದ ಹುಡಿ ಸುರಿಯುತ್ತಿರುತ್ತದೆ, ಕೈ ಮುಂದೆ ಮುಂದೆ ಸಾಗುತ್ತಿರುತ್ತದೆ. ಗೆರೆಯು ದಪ್ಪವಾಗುವುದೂ ತೆಳುವಾಗುವುದೂ ಹುಡಿ ಎಷ್ಟು ಸುರಿಯುತ್ತದೆ, ಕೈ ಎಷ್ಟು ಬೇಗ ಓಡುತ್ತದೆ ಎಂಬ ಎರಡರಿಂದಲೇ ಹೊರತು, ಅಂಗಳವು ಎಷ್ಟು ಹೊತ್ತು ತೆರೆದು ಬಿದ್ದಿತ್ತೆಂಬುದರಿಂದ ಅಲ್ಲ. ಅವಳು ಇನ್ನೂ ಅರ್ಧ ತಾಸು ಕುಳಿತರೆ ಗೆರೆಗಳ ಸಂಖ್ಯೆ ಹೆಚ್ಚುವುದು, ಮೊದಲು ಎಳೆದ ಗೆರೆ ದಪ್ಪವಾಗದು. ಉರಿಯುತ್ತ ಹಾರುವ ನಕ್ಷತ್ರವೂ ಹೀಗೆಯೇ. ಅದು ಫಲಕದ ಒಂದೊಂದು ಬಿಂದುವಿನ ಮೇಲೂ ಕ್ಷಣದ ಅಲ್ಪ ಭಾಗ ಮಾತ್ರ ನಿಂತು ಮುಂದಕ್ಕೆ ಸಾಗಿಬಿಡುತ್ತದೆ. ಅನಂತರ ಶಟರನ್ನು ಎರಡು ಸೆಕೆಂಡು ತೆರೆದಿಟ್ಟರೂ, ಹತ್ತು ಸೆಕೆಂಡು ತೆರೆದಿಟ್ಟರೂ ಆ ಗೆರೆಯ ಕಾಂತಿ ಹೆಚ್ಚುವುದಿಲ್ಲ. ಹುಡಿಯ ಪ್ರಮಾಣವನ್ನು ಹಿಡಿದಿಡುವ ಬೆರಳು ಇಲ್ಲಿ ಯಾವುದೆಂದರೆ ಲೆನ್ಸಿನ ಕಂಡಿ. ಗ್ರಹಣಶಕ್ತಿಯನ್ನು ೧೦೦ಕ್ಕೆ ನಿಲ್ಲಿಸಿಕೊಂಡರೆ ಬಿರುಸಿನ ಗೆರೆಗಳ ಕಾಂತಿಯನ್ನು ನಿರ್ಣಯಿಸುವುದು ಕಂಡಿಯೊಂದೇ.

ಆದರೆ ದೃಶ್ಯದಲ್ಲಿ ಚಲಿಸದೆ ನಿಂತಿರುವ ಬೆಳಕುಗಳೂ ಇರುತ್ತವೆ: ಬೀದಿಯ ದೀಪ, ಕಟ್ಟಡ, ಮಂದವಾಗಿ ಹೊಳೆಯುವ ಆಕಾಶ, ಬೆಳಕು ಬಿದ್ದ ಹೊಗೆ. ಇವು ನಲ್ಲಿಯ ಕೆಳಗಿಟ್ಟ ಕೊಡದಂತೆ. ಹೊತ್ತು ಕಳೆದಷ್ಟೂ ತುಂಬುತ್ತಲೇ ಹೋಗುತ್ತವೆ. ಆದಕಾರಣ ಶಟರು ತೆರೆದಿರುವ ಕಾಲವು ಬಿರುಸಿನ ಕಾಂತಿಯನ್ನಲ್ಲ, ಈ ನಿಂತ ಬೆಳಕುಗಳ ಕಾಂತಿಯನ್ನೂ ಚಿತ್ರದಲ್ಲಿ ಸೇರುವ ಬಿರುಸುಗಳ ಸಂಖ್ಯೆಯನ್ನೂ ನಿರ್ಣಯಿಸುತ್ತದೆ. ಚಲಿಸುವ ಬೆಳಕಿಗೆ ಕಂಡಿ, ನಿಂತ ಬೆಳಕಿಗೆ ಕಾಲ. ನೆನಪಿನಲ್ಲಿಡತಕ್ಕ ನಿಯಮವು ಇಷ್ಟೇ. ಉಳಿದುದೆಲ್ಲ ಇದರಿಂದ ತಾನಾಗಿ ಹೊರಡುವುದು.

ಬಣ್ಣಗಳು ಬಿಳುಪಾಗಿ ಹೋಗುವ ದೋಷಕ್ಕೂ ಕಾರಣ ಈಗ ಸ್ಪಷ್ಟವಾಯಿತು. ಫಲಕದಲ್ಲಿ ಕೆಂಪು, ಹಸುರು, ನೀಲಿಗಳನ್ನು ಅಳೆಯುವ ಮೂರು ಬಗೆಯ ಕಣಗಳಿವೆ. ಕೆಂಪು ನಕ್ಷತ್ರದ ಬೆಳಕು ಮಿತಿಮೀರಿ ಬಂದರೆ ಕೆಂಪಿನ ಕಣ ಮೊದಲು ತುಂಬುವುದು. ಆಮೇಲೆ ಉಳಿದೆರಡೂ ತುಂಬುವುವು. ಮೂರೂ ತುಂಬಿದ ಸ್ಥಳವು ಬಿಳುಪಾಗಿಯೇ ತೋರಬೇಕಷ್ಟೆ. ಹೀಗೆ ಕಳೆದುಹೋದ ಬಣ್ಣವನ್ನು ಅನಂತರ ಯಾವ ಉಪಾಯದಿಂದಲೂ ಮರಳಿ ತರಲಾಗದು. ಸ್ವಲ್ಪ ಕಪ್ಪಾದ ಚಿತ್ರವನ್ನು ಮನೆಯಲ್ಲಿ ತಿಳಿಯಾಗಿಸಬಹುದು. ಆದುದರಿಂದ ಸಂಶಯ ಬಂದಾಗ ಕಂಡಿಯನ್ನು ಕಿರಿದು ಮಾಡುವುದೇ ಕ್ಷೇಮ. ಸಾಮಾನ್ಯ ಬಿರುಸುಗಳಿಗೆ ಎಫ್ ೮ರಿಂದ ಎಫ್ ೧೧, ಬೆಳ್ಳಿಯ ಬಿರುಸುಗಳಿಗೆ ಎಫ್ ೧೬, ಮಂದವಾದ ಹೊಂಬಣ್ಣಕ್ಕೆ ಎಫ್ ೫.೬ ಅಥವಾ ಎಫ್ ೮ ಸರಿಹೋಗುವುದು.

ನಿಯಮದ ಎರಡು ಭಾಗಗಳನ್ನೂ ಒಟ್ಟಿಗೆ ಪರೀಕ್ಷಿಸಲು ಮೈಸೂರಿನ ಅರಮನೆಗಿಂತ ಒಳ್ಳೆಯ ಉದಾಹರಣೆ ನಮಗೆ ದೊರೆಯದು. ೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಿ ೧೯೧೨ರಲ್ಲಿ ಮುಗಿಸಿದ ಆ ಕಟ್ಟಡದ ಕಮಾನು, ಗೋಪುರಗಳ ಅಂಚುಗಳಲ್ಲೆಲ್ಲ ಲಕ್ಷಕ್ಕೆ ಸಮೀಪದಷ್ಟು ದೀಪಗಳಿವೆ. ಇವು ನಿಂತ ಬೆಳಕು. ಅದರ ಮೇಲಿನ ಆಕಾಶದಲ್ಲಿ ಅರಳುವ ಬಿರುಸು ಚಲಿಸುವ ಬೆಳಕು. ಬಿರುಸುಗಳು ಹೆಚ್ಚು ಬರಲೆಂದು ಶಟರನ್ನು ಬಹಳ ಹೊತ್ತು ತೆರೆದಿಟ್ಟರೆ ಬಿರುಸು ಚೆನ್ನಾಗಿಯೇ ಬರುವುದು. ಅರಮನೆ ಮಾತ್ರ ಬಿಳಿಯ ಬೆಂಕಿಯ ಮುದ್ದೆಯಂತಾಗುವುದು. ಇದಕ್ಕೆ ಪರಿಹಾರವು ಉತ್ಸವದ ರಾತ್ರಿಗೆ ಮುಂಚೆಯೇ ದೊರೆಯುತ್ತದೆ. ಭಾನುವಾರಗಳಲ್ಲಿಯೂ ಸಾರ್ವಜನಿಕ ರಜಾದಿನಗಳಲ್ಲಿಯೂ ಸಂಜೆ ಸ್ವಲ್ಪ ಹೊತ್ತು ಅರಮನೆಗೆ ದೀಪ ಹಚ್ಚುತ್ತಾರೆ. ಅಂತಹ ಒಂದು ಸಂಜೆ ಹೋಗಿ, ಐ.ಎಸ್.ಒ. ೧೦೦, ಎಫ್ ೧೧ ಇಟ್ಟು, ಒಂದು, ಎರಡು, ನಾಲ್ಕು, ಎಂಟು ಸೆಕೆಂಡುಗಳ ನಾಲ್ಕು ಚಿತ್ರಗಳನ್ನು ತೆಗೆಯಿರಿ. ದೀಪಗಳ ಸಾಲು ಸಾಲಾಗಿಯೇ ಕಾಣುವ, ಗೋಪುರದ ಆಕಾರ ಕೆಡದಿರುವ ಚಿತ್ರ ಯಾವುದೆಂದು ನೋಡಿ, ಅದರ ಕಾಲವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಬಾಣಬಿರುಸಿನ ರಾತ್ರಿ ಶಟರು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ನಿಮ್ಮ ಊರಿನಲ್ಲಿ ಅರಮನೆ ಇಲ್ಲದಿದ್ದರೆ ದೇವಾಲಯದ ಗೋಪುರವಾಗಲಿ, ದೀಪಾಲಂಕಾರ ಮಾಡಿದ ಚರ್ಚಾಗಲಿ, ಕೆರೆಯ ಏರಿಯ ಮೇಲಿನ ದೀಪಗಳಾಗಲಿ ಇದೇ ಪಾಠವನ್ನು ಕಲಿಸುವುವು.

ಈಗ ಸಲಕರಣೆಗಳ ವಿಷಯ. ಶಟರು ಕೆಲವು ಸೆಕೆಂಡುಗಳ ಕಾಲ ತೆರೆದಿರುವುದರಿಂದ ಅಷ್ಟು ಹೊತ್ತೂ ಕ್ಯಾಮರಾ ಅಲುಗದೆ ನಿಂತಿರಬೇಕು. ಮನುಷ್ಯರ ಕೈಯಿಂದ ಇದು ಆಗದ ಕೆಲಸ. ಮೂರು ಕಾಲಿನ ಟ್ರೈಪಾಡು ಇದ್ದರೆ ಉತ್ತಮ. ಅದನ್ನು ಒಳಗೆ ಬಿಡದ ಸ್ಥಳಗಳೂ ಉಂಟು, ಮೊದಲೇ ವಿಚಾರಿಸಿಕೊಳ್ಳಬೇಕು. ಹಾಗಿದ್ದಲ್ಲಿ ಒಂದು ಗಟ್ಟಿ ಬಟ್ಟೆಯ ಚೀಲದಲ್ಲಿ ಎರಡು ಸೇರು ಅಕ್ಕಿಯನ್ನೋ ರಾಗಿಯನ್ನೋ ತುಂಬಿ ಬಾಯಿ ಹೊಲಿದು, ಮೋಟುಗೋಡೆಯ ಮೇಲಿಟ್ಟು, ಅದರಲ್ಲಿ ಕ್ಯಾಮರಾವನ್ನು ಹುದುಗಿಸಿದರೆ ಅದು ಕದಲದೆ ಕುಳಿತಿರುವುದು. ಗುಂಡಿಯನ್ನು ಬೆರಳಿನಿಂದ ಒತ್ತುವಾಗಲೂ ಯಂತ್ರ ನಡುಗುವುದರಿಂದ, ದೂರದಿಂದ ಒತ್ತುವ ತಂತಿಯ ಅಥವಾ ನಿಸ್ತಂತು ಗುಂಡಿಯನ್ನು ಬಳಸಬೇಕು.

ಲೆನ್ಸಿನ ನಾಭಿಯನ್ನು ಕ್ಯಾಮರಾ ತಾನಾಗಿಯೇ ಹುಡುಕುವಂತೆ ಬಿಡಬಾರದು. ಕತ್ತಲೆಯಲ್ಲಿ ಅದಕ್ಕೆ ಏನೂ ಕಾಣದೆ, ಹಿಂದಕ್ಕೂ ಮುಂದಕ್ಕೂ ತಡಕಾಡುತ್ತಿರುವಾಗಲೇ ಬಿರುಸು ಆರಿಹೋಗುತ್ತದೆ. ಪ್ರದರ್ಶನಕ್ಕೆ ಮುಂಚೆ ದೂರದ ಒಂದು ದೀಪಕ್ಕೆ ನಾಭಿಯನ್ನು ಸರಿಮಾಡಿ, ಸ್ವಯಂಚಾಲನೆಯನ್ನು ನಿಲ್ಲಿಸಿ, ಮತ್ತೆ ಲೆನ್ಸಿನ ಉಂಗುರವನ್ನು ಮುಟ್ಟದಿರುವುದೇ ಸರಿಯಾದ ಕ್ರಮ. ಬಣ್ಣದ ಹೊಂದಿಕೆಯನ್ನೂ ಹಗಲಿನ ಬೆಳಕಿಗೆ ಸ್ಥಿರವಾಗಿ ನಿಲ್ಲಿಸಬೇಕು. ಇಲ್ಲವಾದರೆ ಯಂತ್ರವು ಕೆಂಪು ಬಿರುಸನ್ನು ದೋಷವೆಂದೆಣಿಸಿ ತಿದ್ದಲು ಹೊರಡುವುದು. ದೀರ್ಘಕಾಲದ ಚಿತ್ರ ತೆಗೆದೊಡನೆ ಅದರ ಕಲೆಗಳನ್ನು ಒರಸುವ ವ್ಯವಸ್ಥೆ ಕೆಲವು ಕ್ಯಾಮರಾಗಳಲ್ಲಿದೆ; ನಾಲ್ಕು ಸೆಕೆಂಡಿನ ಚಿತ್ರ ತೆಗೆದರೆ ಇನ್ನೂ ನಾಲ್ಕು ಸೆಕೆಂಡು ಅದು ಕೆಲಸಮಾಡದೆ ಕಾಯಿಸುತ್ತದೆ. ಸಮಯ ಅಮೂಲ್ಯವಾಗಿರುವ ಈ ಸಂದರ್ಭದಲ್ಲಿ ಅದನ್ನು ನಿಲ್ಲಿಸುವುದು ಮೇಲು. ಫ್ಲಾಶ್ ದೀಪವನ್ನು ಉರಿಸಲೇಬಾರದು. ಅದರ ಬೆಳಕು ಕೆಲವು ಗಜಗಳಾಚೆ ಹೋಗಲಾರದು. ಆಕಾಶದ ಬಿರುಸಿಗೆ ಅದರಿಂದ ಪ್ರಯೋಜನವಿಲ್ಲ, ಮುಂದೆ ನಿಂತವರ ತಲೆಗಳು ಬೆಳ್ಳಗೆ ತೋರುವುದೊಂದೇ ಫಲ.

ಪ್ರದರ್ಶನ ಆರಂಭವಾದ ಮೇಲೆ ಮಾಡತಕ್ಕ ಕೆಲಸ ಸ್ವಲ್ಪವೇ. ಶಟರನ್ನು ನಾವು ಬೇಕಾದಷ್ಟು ಹೊತ್ತು ತೆರೆದಿಡಬಹುದಾದ ‘ಬಲ್ಬ್’ ಎಂಬ ಕ್ರಮಕ್ಕೆ ಕ್ಯಾಮರಾವನ್ನು ತಿರುಗಿಸಿರಬೇಕು. ಗುಂಡು ಕೊಳವೆಯಿಂದ ಹೊರಟ ‘ಧುಮ್’ ಎಂಬ ಶಬ್ದ ಕೇಳಿದೊಡನೆ, ಅಥವಾ ಮೇಲೇರುವ ಕಿಡಿಯ ಬಾಲ ಕಂಡೊಡನೆ, ಶಟರನ್ನು ತೆರೆಯಬೇಕು. ಹೂವು ಪೂರ್ಣವಾಗಿ ಅರಳಿ, ದಳಗಳ ತುದಿ ಬಾಗಿ, ಕಾಂತಿ ಕುಂದುವಾಗ ಮುಚ್ಚಬೇಕು. ಇದಕ್ಕೆ ಸಾಮಾನ್ಯವಾಗಿ ಎರಡರಿಂದ ಆರು ಸೆಕೆಂಡು ಹಿಡಿಯುವುದು. ಅರಳಿದ್ದನ್ನು ಕಂಡ ಮೇಲೆ ತೆರೆಯಹೋದವರಿಗೆ ಕಾಂಡವಿಲ್ಲದ, ಮಧ್ಯವಿಲ್ಲದ ಹೂವು ದೊರೆಯುತ್ತದೆ. ತೆರೆದುದನ್ನು ಮುಚ್ಚಲು ಮರೆತವರಿಗೆ ಒಂದರ ಮೇಲೊಂದು ಬಿದ್ದ ಹತ್ತು ಹೂಗಳ ಗೊಂದಲ ದೊರೆಯುತ್ತದೆ. ಎರಡು ಮೂರು ಬಿರುಸುಗಳಿಗಿಂತ ಹೆಚ್ಚು ಒಂದೇ ಚಿತ್ರದಲ್ಲಿ ಸೇರಿದರೆ ಅಂದ ಕೆಡುವುದು. ಕಡೆಗೆ ನೂರಾರು ಬಿರುಸುಗಳನ್ನು ಒಟ್ಟಿಗೆ ಹಾರಿಸುವಾಗ ಕಂಡಿಯನ್ನು ಎಫ್ ೧೬ಕ್ಕೆ ಇಳಿಸಿ, ಕಾಲವನ್ನೂ ಒಂದು ಸೆಕೆಂಡಿನ ಆಸುಪಾಸಿಗೆ ತರಬೇಕು.

ನಿಲ್ಲುವ ಸ್ಥಳವನ್ನು ಆರಿಸುವಾಗ ಗಾಳಿಯ ದಿಕ್ಕನ್ನು ನೋಡಿಕೊಳ್ಳಬೇಕು. ಗಾಳಿಯು ನಮ್ಮ ಬೆನ್ನಿನ ಕಡೆಯಿಂದಲೋ ಪಕ್ಕದಿಂದಲೋ ಬೀಸುವಂತಿದ್ದರೆ ಹೊಗೆ ಆಚೆಗೆ ಸರಿಯುತ್ತದೆ. ಎದುರಿನಿಂದ ಬೀಸಿದರೆ ಹೊಗೆಯೆಲ್ಲ ನಮ್ಮ ಮತ್ತು ಬಿರುಸಿನ ನಡುವೆ ಪರದೆ ಕಟ್ಟುವುದು. ಗಾಳಿ ಸ್ವಲ್ಪವೂ ಇಲ್ಲದ ರಾತ್ರಿ ಹೊಗೆ ಅಲ್ಲಿಯೇ ನಿಲ್ಲುವುದರಿಂದ ಮೊದಲ ಕೆಲವು ನಿಮಿಷಗಳ ಚಿತ್ರಗಳೇ ಅತ್ಯಂತ ನಿರ್ಮಲವಾಗಿ ಬರುತ್ತವೆ. ಎಷ್ಟು ದೂರದಲ್ಲಿದ್ದೇವೆಂಬುದನ್ನು ಶಬ್ದದಿಂದ ತಿಳಿಯಬಹುದು. ಶಬ್ದವು ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುತ್ತದೆ. ಬಿರುಸು ಅರಳಿ ಮೂರು ಸೆಕೆಂಡಿನ ಮೇಲೆ ಸದ್ದು ಕೇಳಿದರೆ ಅದು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ತಿಳಿಯಬೇಕು. ಸಮೀಪದಿಂದ ತೆಗೆಯುವಾಗ ಅಗಲವಾದ ದೃಶ್ಯವನ್ನು ಹಿಡಿಯುವ ೨೪ರಿಂದ ೩೫ ಮಿಲಿಮೀಟರಿನ ಲೆನ್ಸು ಬೇಕು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದಂತಹ ಎತ್ತರದ ದೂರ ಸ್ಥಳದಿಂದಾದರೆ ಉದ್ದ ಲೆನ್ಸು ಬೇಕಾಗುವುದು. ಬರಿಯ ಆಕಾಶದ ಬಿರುಸನ್ನು ತೆಗೆದರೆ ಅದು ಯಾವ ಊರಿನದೆಂದು ಯಾರೂ ಹೇಳಲಾರರು. ಕೆಳಗೆ ಒಂದು ಗೋಪುರವೋ, ಮರವೋ, ತಂದೆಯ ಹೆಗಲೇರಿ ಕುಳಿತ ಮಗುವಿನ ಕಪ್ಪು ಆಕೃತಿಯೋ ಸೇರಿದರೆ ಚಿತ್ರಕ್ಕೆ ಒಂದು ನೆಲೆ ಒದಗುವುದು.

ಮೊಬೈಲು ಫೋನಿನಿಂದ ತೆಗೆಯುವವರಿಗೆ ಒಂದು ಮಾತು. ಹೆಚ್ಚಿನ ಫೋನುಗಳಲ್ಲಿ ಕಂಡಿಯನ್ನು ಕಿರಿದು ಮಾಡಲಾಗದು, ಅದು ಯಾವಾಗಲೂ ಅಗಲವಾಗಿ ತೆರೆದಿರುತ್ತದೆ. ಆದುದರಿಂದ ಅದರ ಕೆಲಸವನ್ನು ಗ್ರಹಣಶಕ್ತಿಯಿಂದ ಮಾಡಿಸಬೇಕು. ಅಂಕೆಗಳನ್ನು ನಾವೇ ಗೊತ್ತುಮಾಡುವ ಅನುಕೂಲ ಫೋನಿನಲ್ಲಿದ್ದರೆ ಐ.ಎಸ್.ಒ.ವನ್ನು ಕನಿಷ್ಠಕ್ಕೆ ಇಳಿಸಿ, ಫೋನನ್ನು ಗೋಡೆಗೆ ಆನಿಸಿ, ಅರ್ಧದಿಂದ ಎರಡು ಸೆಕೆಂಡಿನ ಕಾಲ ಕೊಟ್ಟು ನೋಡಿರಿ. ರಾತ್ರಿಯ ಚಿತ್ರಕ್ಕೆಂದು ಫೋನು ತಾನಾಗಿ ಮಾಡುವ ಏರ್ಪಾಡು ಅನೇಕ ಕಿರುಚಿತ್ರಗಳನ್ನು ಒಂದುಗೂಡಿಸುವುದರಿಂದ ಬಿರುಸಿನ ಗೆರೆಗಳು ಅಲ್ಲಲ್ಲಿ ತುಂಡಾಗಬಹುದು.

ದೊಡ್ಡ ಪ್ರದರ್ಶನ ದೊರೆಯದವರು ಮನೆಯ ಅಂಗಳದ ಸುರುಸುರುಬತ್ತಿಯಿಂದಲೇ ಅಭ್ಯಾಸ ಮಾಡಬಹುದು. ನಿಯಮ ಅದೇ. ಕ್ಯಾಮರಾವನ್ನು ನಿಲ್ಲಿಸಿ, ಎಫ್ ೮ ಇಟ್ಟು, ಶಟರನ್ನು ಎಂಟು ಹತ್ತು ಸೆಕೆಂಡು ತೆರೆದರೆ, ಮಗು ಗಾಳಿಯಲ್ಲಿ ಬತ್ತಿಯಿಂದ ಬರೆದ ಹೆಸರು ಬೆಂಕಿಯ ಅಕ್ಷರಗಳಲ್ಲಿ ಮೂಡುವುದು. ಮಗು ಕ್ಯಾಮರಾದ ಕಡೆಗೆ ಮುಖ ಮಾಡಿ ಬರೆಯುವುದರಿಂದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ. ಚಿತ್ರವನ್ನು ಎಡಬಲ ತಿರುಗಿಸಿದರೆ ಸರಿಹೋಗುತ್ತದೆ. ಬತ್ತಿ ಆರುವ ಮುನ್ನ ಫ್ಲಾಶನ್ನು ಒಮ್ಮೆ ಮಿನುಗಿಸಿದರೆ ಮಗುವಿನ ಮುಖವೂ ಚಿತ್ರದಲ್ಲಿ ಸೇರುವುದು. ಫ್ಲಾಶ್ ಉಪಯುಕ್ತವಾಗುವ ಸ್ಥಳ ಇದೊಂದೇ. ಆದರೆ ಸುರುಸುರುಬತ್ತಿಯ ಶಾಖ ಸಾವಿರ ಡಿಗ್ರಿಯನ್ನು ಮುಟ್ಟುವುದೆಂಬುದನ್ನು ಮರೆಯಕೂಡದು. ಮಗುವಿಗೆ ಹತ್ತಿಯ ಉಡುಪು ತೊಡಿಸಿ, ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, ಸುಟ್ಟ ಕಡ್ಡಿಯನ್ನು ಕೂಡಲೇ ನೀರಿನ ಬಕೀಟಿಗೆ ಹಾಕಿಸಬೇಕು.

ಹೀಗೆ ಹೇಳುವಾಗ ಅಪಾಯದ ವಿಷಯವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳುವುದು ಕರ್ತವ್ಯವಾಗಿದೆ. ಒಳ್ಳೆಯ ಚಿತ್ರದ ಆಸೆಯು ಮನುಷ್ಯರನ್ನು ಒಂದೊಂದು ಹೆಜ್ಜೆಯಾಗಿ ಬೆಂಕಿಯ ಹತ್ತಿರಕ್ಕೆ ಎಳೆಯುತ್ತದೆ. ಕಣ್ಣು ಕ್ಯಾಮರಾದಲ್ಲಿ ನೆಟ್ಟಿರುವಾಗ ಕಾಲು ಎಲ್ಲಿದೆಯೆಂಬುದು ತಿಳಿಯುವುದಿಲ್ಲ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ದೀಪಾವಳಿಯ ದಿನಗಳಲ್ಲಿ ವರುಷ ವರುಷವೂ ಗಾಯಗೊಂಡವರು ಬರುತ್ತಾರೆ. ಅವರಲ್ಲಿ ಮಕ್ಕಳೂ, ತಾವು ಪಟಾಕಿ ಹಚ್ಚದೆ ಬರಿದೆ ನೋಡುತ್ತ ನಿಂತಿದ್ದವರೂ ಅನೇಕರು. ೨೦೧೬ರ ಏಪ್ರಿಲ್ ೧೦ರ ಬೆಳಗಿನ ಜಾವದಲ್ಲಿ ಕೇರಳದ ಪರವೂರಿನ ಪುಟ್ಟಿಂಗಲ್ ದೇವಾಲಯದಲ್ಲಿ ಬಾಣಬಿರುಸಿನ ಸಂಗ್ರಹಕ್ಕೆ ಬೆಂಕಿ ತಗುಲಿ ನೂರಕ್ಕಿಂತ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ೨೦೨೩ರ ಅಕ್ಟೋಬರ್ ೭ರಂದು ಬೆಂಗಳೂರಿನ ಸಮೀಪದ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಯೊಂದು ಹೊತ್ತಿಕೊಂಡಾಗ ಹತ್ತಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ನಾವು ಎರಡು ಗಳಿಗೆ ನೋಡಿ ಸಂತೋಷಪಡುವ ಬೆಳಕಿನ ಹಿಂದೆ ಮದ್ದು ತುಂಬುವವರ, ಸಾಗಿಸುವವರ, ಮಾರುವವರ ಜೀವಗಳು ಒತ್ತೆಯಾಗಿ ನಿಂತಿರುತ್ತವೆ.

ಆದಕಾರಣ ಹಗ್ಗ ಕಟ್ಟಿದ ಎಲ್ಲೆಯನ್ನು ಯಾವ ಚಿತ್ರಕ್ಕಾಗಿಯೂ ದಾಟಬಾರದು. ಟ್ರೈಪಾಡಿನ ಕಾಲುಗಳು ಜನರು ಓಡಾಡುವ ದಾರಿಗೆ ಚಾಚಿರಬಾರದು. ಗದ್ದಲವೆದ್ದಾಗ ಒಬ್ಬರು ಎಡವಿದರೆ ಹತ್ತು ಮಂದಿ ಬೀಳುವರು. ಹೊರಗೆ ಹೋಗುವ ದಾರಿಯನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಬೇಕು. ಯಾರ ಕಣ್ಣಿಗಾದರೂ ಕಿಡಿ ಸಿಡಿದರೆ ಉಜ್ಜದೆ, ಒತ್ತದೆ, ಮನೆಮದ್ದು ಹಾಕದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ದೂರದಿಂದ ತೆಗೆದ ಚಿತ್ರವೇ ಸೊಗಸಾಗಿರುವುದೆಂಬುದು ಈ ಕಲೆಯ ಒಂದು ಭಾಗ್ಯ. ಹತ್ತಿರದವರಿಗೆ ತಲೆಯ ಮೇಲಿನ ಹೊಗೆಯಷ್ಟೇ ಕಾಣುತ್ತದೆ. ದೂರದವರಿಗೆ ಹೂವೂ, ಊರೂ, ಆಕಾಶವೂ ಒಟ್ಟಿಗೆ ಕಾಣುತ್ತವೆ.

ಕಡೆಯದಾಗಿ, ಈ ಚಿತ್ರಗಳು ಎಷ್ಟರಮಟ್ಟಿಗೆ ನಿಜವಾದುವೆಂಬ ಪ್ರಶ್ನೆಯನ್ನು ವಿಚಾರಿಸಬೇಕಾಗಿದೆ. ನಾಲ್ಕು ಸೆಕೆಂಡು ತೆರೆದ ಶಟರಿನಿಂದ ಬಂದ ಚಿತ್ರದಲ್ಲಿ ಕಾಣುವ ಹೂವನ್ನು ಯಾರ ಕಣ್ಣೂ ಆ ರೂಪದಲ್ಲಿ ಕಂಡಿರಲಿಲ್ಲ. ಕಣ್ಣು ಕಂಡದ್ದು ಓಡುವ ಕಿಡಿಗಳನ್ನು. ಚಿತ್ರ ತೋರಿಸುವುದು ಅವು ಓಡಿದ ದಾರಿಯನ್ನು. ಹಾಗೆಂದು ಅದು ಸುಳ್ಳಲ್ಲ. ನಾಲ್ಕು ಸೆಕೆಂಡುಗಳಲ್ಲಿ ಬಂದ ಬೆಳಕನ್ನೆಲ್ಲ ಅದು ಒಂದೂ ಬಿಡದೆ ಬರೆದಿಟ್ಟಿದೆ. ಇನ್ನೊಂದು ಉಪಾಯವುಂಟು: ಶಟರನ್ನು ತೆರೆದೇ ಇಟ್ಟು, ಲೆನ್ಸಿನ ಮುಂದೆ ಕಪ್ಪು ರಟ್ಟನ್ನು ಮುಟ್ಟದಂತೆ ಹಿಡಿದು, ಒಳ್ಳೆಯ ಬಿರುಸು ಅರಳಿದಾಗ ಮಾತ್ರ ಅದನ್ನು ಸರಿಸುವುದು. ಹೀಗೆ ಬೇರೆ ಬೇರೆ ನಿಮಿಷಗಳಲ್ಲಿ ಅರಳಿದ ಮೂರು ಹೂಗಳು ಒಂದೇ ಆಕಾಶದಲ್ಲಿ ನಿಲ್ಲುತ್ತವೆ. ರಟ್ಟು ಮುಚ್ಚಿದಾಗ ಅರಮನೆಯ ಬೆಳಕೂ ತಡೆಯಲ್ಪಡುವುದರಿಂದ ಅದು ತೆರೆದಿದ್ದ ಕಾಲವನ್ನು ಮಾತ್ರ ಲೆಕ್ಕ ಹಿಡಿದರೆ ಸಾಕು. ಇದೂ ಹಳೆಯ ಕಾಲದಿಂದ ಬಂದ, ಒಪ್ಪತಕ್ಕ ಕ್ರಮವೇ. ಅದಕ್ಕೂ ಮುಂದೆ ಹೋಗಿ, ಒಂದು ಊರಿನ ಬಿರುಸನ್ನು ಇನ್ನೊಂದು ಊರಿನ ಗೋಪುರದ ಮೇಲೆ ಗಣಕಯಂತ್ರದಲ್ಲಿ ಅಂಟಿಸುವವರೂ, ಎಂದೂ ಅರಳದ ಬಿರುಸನ್ನು ಯಂತ್ರದಿಂದಲೇ ಹುಟ್ಟಿಸುವವರೂ ಈಗ ಇದ್ದಾರೆ. ಅವು ಅಂದವಾಗಿರಬಹುದು, ಆದರೆ ಅವುಗಳಿಗೆ ಸಾಕ್ಷ್ಯದ ಬೆಲೆಯಿಲ್ಲ. ಹೊಸ ವರುಷದ ಬೆಳಗ್ಗೆ ದೂರದೇಶದಲ್ಲಿರುವ ಮಗಳಿಗೆ ತಾಯಿ ಕಳುಹಿಸುವ ಚಿತ್ರವು, ನಿನ್ನೆ ರಾತ್ರಿ ನಮ್ಮ ಊರಿನಲ್ಲಿ ಹೀಗಿತ್ತೆಂದು ಹೇಳುವ ಒಂದು ಮಾತು. ಮಾತಿನಲ್ಲಿ ನಾವು ಯಾವ ಸತ್ಯವನ್ನು ಅಪೇಕ್ಷಿಸುತ್ತೇವೆಯೋ ಚಿತ್ರದಲ್ಲಿಯೂ ಅದನ್ನೇ ಅಪೇಕ್ಷಿಸುವುದು ನ್ಯಾಯ.

ಇದಕ್ಕೆ ಬೇಕಾದ ಶ್ರಮ ಅಲ್ಪ. ಚಿತ್ರವನ್ನು ಅಚ್ಚುಹಾಕಿಸಿದಾಗ ಅದರ ಹಿಂಬದಿಯಲ್ಲಿ ಸ್ಥಳ, ತಾರೀಖು, ತೆಗೆದವರ ಹೆಸರು, ಶಟರು ತೆರೆದಿದ್ದ ಸೆಕೆಂಡುಗಳು ಇವನ್ನು ಮೆದುವಾದ ಸೀಸದಕಡ್ಡಿಯಿಂದ ಬರೆದಿಡಿರಿ. ಎರಡು ಮೂರು ಬಿರುಸುಗಳನ್ನು ರಟ್ಟಿನಿಂದ ಕೂಡಿಸಿದ್ದರೆ ಅದನ್ನೂ ಬರೆಯಿರಿ. ಹಳೆಯ ಶಾಲೆಗಳ ಹಳೆಯ ಚಿತ್ರಸಂಪುಟಗಳನ್ನು ತೆರೆದವರಿಗೆ ಗೊತ್ತು: ಸಾಲಾಗಿ ನಿಂತ ಹುಡುಗಿಯರ ಮುಖಗಳು ಸ್ಪಷ್ಟವಾಗಿರುತ್ತವೆ, ಅವರು ಯಾರು, ಅದು ಯಾವ ವರುಷವೆಂಬುದನ್ನು ಹೇಳುವವರು ಉಳಿದಿರುವುದಿಲ್ಲ. ಬೆನ್ನಮೇಲಿನ ಒಂದು ಸಾಲು ಬರೆಹ ಇದ್ದಿದ್ದರೆ ಅವರು ಇಂದಿಗೂ ನಮ್ಮೊಡನೆ ಇರುತ್ತಿದ್ದರು. ಬರುವ ಕ್ರಿಸ್ಮಸ್ ಮತ್ತು ಹೊಸ ವರುಷದ ರಾತ್ರಿಗಳಲ್ಲಿ ನಮ್ಮ ಸಹೋದರಿಯರು ಸುರಕ್ಷಿತವಾದ ದೂರದಲ್ಲಿ ನಿಂತು, ಕಂಡಿಯನ್ನು ಕಿರಿದು ಮಾಡಿ, ತಾಳ್ಮೆಯಿಂದ ಕಾದು ತೆಗೆದ ಚಿತ್ರಗಳು ಮುಂದಿನ ಸಂಚಿಕೆಯ ಪುಟಗಳನ್ನು ಅಲಂಕರಿಸಲಿ. ಅವುಗಳ ಬೆನ್ನಮೇಲೆ ಊರೂ ತಾರೀಖೂ ತಪ್ಪದೆ ಇರಲಿ ಎಂದು ಹಾರೈಸುತ್ತೇವೆ.